ಎಂಜಿನ್ ನಾಲ್ಕೂವರೆ ಇಂಚು ಮೇಲೆ: ಶರಾವತಿ ಹಿನ್ನೀರಿನಲ್ಲಿ ಮಾಡಿ ನೋಡಿದ್ದು

ಹೊಸ ಎಂಜಿನ್ ಕಟ್ಟಿ ದೋಣಿ ಇಳಿಸಿದ ದಿನ ಬಾವ ಹೇಳಿದ್ದು ಒಂದೇ ಮಾತು. "ಎಂಥ ಮಾರಾಯ, ಶಬ್ದ ಬಸ್ಸಿಂದು, ಓಟ ತೆಪ್ಪದ್ದು!"

ಹೊಸದು ಅಂದರೆ ನಮಗೆ ಹೊಸದು. ಕರಾವಳಿ ಕಡೆಯಿಂದ ತಂದ ಸೆಕೆಂಡ್ ಹ್ಯಾಂಡ್ ಎಂಜಿನ್, 9.9 ಎಚ್‌ಪಿ, ಟೂ ಸ್ಟ್ರೋಕ್. ದೋಣಿ 14 ಅಡಿಯ ಫೈಬರ್‌ದು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಶುರುವಾದ ಮೇಲೆ ತುಮರಿ ಕಡೆಯವರಿಗೆ ಲಾಂಚ್ ಕಾಯುವ ಪಾಡು ತಪ್ಪಿತು. ನಮ್ಮ ತೋಟ ಮಾತ್ರ ಸೇತುವೆಗೆ ದೂರ, ನೀರಿನ ಆಚೆ ಮೂಲೆಯಲ್ಲಿ. ಅಲ್ಲಿಗೆ ಈಗಲೂ ದೋಣಿಯೇ ಗತಿ.

ಅಂತೂ ದೋಣಿ ಓಡಲಿಲ್ಲ. ಪೂರ್ತಿ ಗ್ಯಾಸ್ ಕೊಟ್ಟರೂ ಮೂತಿ ಮೇಲೆತ್ತಿಕೊಂಡು, ಹಿಂದೆ ನೀರನ್ನು ಗುಡ್ಡೆ ಮಾಡಿಕೊಂಡು ತೆವಳುತ್ತಿತ್ತು. ಕಾರ್ಬೊರೇಟರ್ ತೊಳೆಸಿದೆ, ಪ್ಲಗ್ ಬದಲಿಸಿದೆ. ಏನೂ ಆಗಲಿಲ್ಲ. ಆಮೇಲೆ ಒಂದು ದಿನ ಸುಮ್ನೆ ಟೇಪು ಹಿಡಿದು ಅಳೆದೆ. ಕೆಟ್ಟದ್ದು ಎಂಜಿನ್ ಅಲ್ಲ, ಅದನ್ನು ಕೂರಿಸಿದ ಎತ್ತರ.

ಹೀಗೆ ದೋಣಿಯ ಹಿಂಬದಿಗೆ ಹೊರಗಿನಿಂದ ಕಟ್ಟುವ ಔಟ್‌ಬೋರ್ಡ್ ಎಂಜಿನ್ನಿನ ಕಾಲು, ಅಂದರೆ ಪ್ರೊಪೆಲ್ಲರ್ ಹೊತ್ತು ನೀರಿಗಿಳಿಯುವ ಭಾಗ, ಸಾಮಾನ್ಯವಾಗಿ ಎರಡು ಅಳತೆಯಲ್ಲಿ ಬರುತ್ತದೆ. ಗಿಡ್ಡದ್ದು 15 ಇಂಚು, ಉದ್ದದ್ದು 20 ಇಂಚು. ದೋಣಿಯ ಹಿಂಬದಿ ಹಲಗೆಯ ಎತ್ತರಕ್ಕೆ ಅದು ಹೊಂದಬೇಕು. ನಮ್ಮ ಹಲಗೆ ಹದಿನೈದೂವರೆ ಇಂಚು, ಬಂದದ್ದು ಉದ್ದ ಕಾಲಿನ ಎಂಜಿನ್. ಮಾರಿದವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಪ್ರೊಪೆಲ್ಲರ್ ಮೇಲೆ ಒಂದು ಅಗಲ ತಟ್ಟೆ ಇರುತ್ತದಲ್ಲ, ಅದು ದೋಣಿಯ ತಳಕ್ಕೆ ಹೆಚ್ಚುಕಮ್ಮಿ ಸಮ ಇರಬೇಕು. ನಮ್ಮದು ನಾಲ್ಕೂವರೆ ಇಂಚು ಕೆಳಗಿತ್ತು. ಅಷ್ಟು ಕಬ್ಬಿಣ ಜಾಸ್ತಿ ನೀರಿನಲ್ಲಿ ಎಳೆದುಕೊಂಡು ಹೋಗಬೇಕು. ವೇಗ ಎರಡು ಪಟ್ಟಾದರೆ ಈ ಎಳೆತ ಸುಮಾರು ನಾಲ್ಕು ಪಟ್ಟಾಗುತ್ತದೆ.

ಆ ತಟ್ಟೆಯನ್ನು ಮೆಕ್ಯಾನಿಕ್‌ಗಳು ಕ್ಯಾವಿಟೇಶನ್ ಪ್ಲೇಟ್ ಅನ್ನುತ್ತಾರೆ. ಅದು ಮಾಡುವ ಕೆಲಸ ಬೇರೆ. ಮೇಲಿನ ಗಾಳಿ ಪ್ರೊಪೆಲ್ಲರ್‌ಗೆ ಇಳಿಯದಂತೆ ತಡೆಯುವುದು ಅಷ್ಟೇ. ಕ್ಯಾವಿಟೇಶನ್ ಅಂದರೆ ಪ್ರೊಪೆಲ್ಲರ್ ಅಲಗಿನ ಮೇಲೆ ಒತ್ತಡ ಇಳಿದು ನೀರೇ ಗುಳ್ಳೆಯಾಗುವುದು. ಹೆಸರು ತಪ್ಪಿ ಅಂಟಿಕೊಂಡಿದೆ, ಬಿಡಿ.

ಸರಿಮಾಡಲು ನಾಲ್ಕು ದಾರಿ ನೋಡಿದೆವು. ಪರೀಕ್ಷೆಗೆ ಎಲ್ಲ ಸಲವೂ ಅದೇ ಭಾರ ಇಟ್ಟೆವು. ನಾನು, ಬಾವ, 50 ಕೆಜಿಯ ಒಂದು ಹಿಂಡಿ ಚೀಲ, ಪೆಟ್ರೋಲ್ ಕ್ಯಾನು. ವೇಗಕ್ಕೆ ಫೋನಿನ ಜಿಪಿಎಸ್. ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅಂತ ತೋರಿಸಲು ಪ್ಲಗ್ ವೈರಿಗೆ ಸುತ್ತುವ ಸಣ್ಣ ಆರ್‌ಪಿಎಂ ಮೀಟರ್ ಒಂದು. ಬೆಳಿಗ್ಗೆ ಗಾಳಿ ಏಳುವ ಮುಂಚೆ ಹೋಗುತ್ತಾ ಒಂದು ಸಲ, ಬರುತ್ತಾ ಒಂದು ಸಲ. ಮೊದಲಿದ್ದ ಹಾಗೆ ಓಡಿಸಿದಾಗ ಗಂಟೆಗೆ 17 ಕಿಲೋಮೀಟರ್, 4400 ಆರ್‌ಪಿಎಂ. ಪೂರ್ತಿ ಗ್ಯಾಸಿನಲ್ಲಿ 4500ರಿಂದ 5500 ಇರಬೇಕು ಅಂತ ನಮ್ಮ ಎಂಜಿನ್ನಿನ ಪುಸ್ತಕದಲ್ಲಿದೆ. ಅಂದರೆ ಅದು ತಿಣುಕುತ್ತಿತ್ತು.

ಮೊದಲು ಮಾಡಿದ್ದು ಪುಕ್ಕಟೆ ಕೆಲಸ. ಎಂಜಿನ್ನಿನ ಓರೆ ಬದಲಿಸುವ ಪಿನ್ನನ್ನು ಬೇರೆ ತೂತಿಗೆ ಹಾಕಿದೆವು. ಹಲಗೆಯ ಹತ್ತಿರದ ತೂತಿಗೆ ಹಾಕಿದರೆ ಮೂತಿ ಇಳಿಯುತ್ತದೆ, ದೂರದ ತೂತಿಗೆ ಹಾಕಿದರೆ ಏಳುತ್ತದೆ. ಒಂದು ತೂತು ಒಳಗೆ ತಂದಾಗ ಮೂತಿ ಸ್ವಲ್ಪ ಇಳಿಯಿತು, ವೇಗ ಒಂದು ಕಿಲೋಮೀಟರ್ ಏರಿತು. ಇನ್ನೂ ಒಂದು ತೂತು ಒಳಗೆ ತಂದರೆ ಮೂತಿ ನೀರು ಉಳಲು ಶುರು. ಪಿನ್ನಿನದು ಕೊನೆಗೆ ಹದ ಮಾಡುವ ಕೆಲಸ. ಎತ್ತರವೇ ತಪ್ಪಿದ್ದಾಗ ಅದರಿಂದ ಏನಾಗುತ್ತದೆ?

ಎರಡನೆಯದು ರೆಕ್ಕೆ. ತಟ್ಟೆಗೆ ತೂತು ಕೊರೆದು ಬೋಲ್ಟ್ ಹಾಕುವ ಪ್ಲಾಸ್ಟಿಕ್ ಹೈಡ್ರೋಫಾಯಿಲ್. ಇದರ ಮೇಲೆ ನನಗೆ ಭಾರೀ ಆಸೆ ಇತ್ತು. ಹಿಂಬದಿ ಎತ್ತಿ ಹಿಡಿಯುತ್ತದೆ, ದೋಣಿ ಬೇಗ ನೀರಿನ ಮೇಲೆ ಏರುತ್ತದೆ, ಅದು ನಿಜವೇ. ಆದರೆ ಮೇಲಿನ ವೇಗ ಏರಲಿಲ್ಲ. ಮಳೆಗಾಲದಲ್ಲಿ ಹಿನ್ನೀರಿನ ತುಂಬ ತೇಲುವ ಕಡ್ಡಿ, ಜೊಂಡು ಎಲ್ಲ ಅದಕ್ಕೇ ಬಂದು ಸಿಕ್ಕಿಕೊಂಡವು. ಎಂಜಿನ್ ಎತ್ತಿದ ಮೇಲಂತೂ ಅದಕ್ಕೆ ಕೆಲಸವೇ ಉಳಿಯಲಿಲ್ಲ, ಬಿಚ್ಚಿಟ್ಟೆ. ತೂತು ನಾಲ್ಕು ಹಾಗೇ ಉಳಿದಿವೆ.

ಮೂರನೆಯದು ಮರದ ತುಂಡು. ಹಲಗೆಯಷ್ಟೇ ದಪ್ಪದ ಸಾಗುವಾನಿ ತುಂಡನ್ನು ಹಲಗೆಯ ಮೇಲೆ ಕೂರಿಸಿ, ಎರಡೂ ಬದಿ ಮೆರೈನ್ ಪ್ಲೈ ಕೊಟ್ಟು, ಆರಪಾರ ಬೋಲ್ಟ್ ಹಾಕಿಸಿದೆ. ಒಟ್ಟು ದಪ್ಪ ಎಂಜಿನ್ ಕ್ಲಾಂಪಿನ ಬಾಯಿಗೆ ಹಿಡಿಯುವಷ್ಟಿರಬೇಕು, ಮೊದಲೇ ಅಳೆದುಕೊಳ್ಳಿ. ಬರೀ ತುಂಡು ಇಟ್ಟು ಅದರ ಮೇಲೆ ಎಂಜಿನ್ ಕೂರಿಸುವ ಧೈರ್ಯ ಮಾಡಬೇಡಿ. ಎತ್ತರ ಹೆಚ್ಚಿದಷ್ಟೂ ಎಂಜಿನ್ ಹಲಗೆಯನ್ನು ಸನಿಕೆಯಂತೆ ಮೀಟುತ್ತದೆ.

2 ಇಂಚು ಎತ್ತಿದಾಗ 21 ಕಿಲೋಮೀಟರ್. 4 ಇಂಚಿಗೆ 25. ಅವತ್ತು ದೋಣಿ ನೀರಿನ ಮೇಲೆ ಏರಿ ಜಾರಿದಾಗ ಬಾವ ಮಾತಾಡಲಿಲ್ಲ, ಟೋಪಿ ಹಿಡಿದುಕೊಂಡರು. ಅಲ್ಲಿಂದ ಅರ್ಧ ಇಂಚಿನ ಪಟ್ಟಿ ಸೇರಿಸುತ್ತಾ ಹೋದೆವು. 5 ಇಂಚಿಗೆ 27, ಆರ್‌ಪಿಎಂ 5200. 6 ಇಂಚಿಗೆ ಇನ್ನರ್ಧ ಕಿಲೋಮೀಟರ್ ಸಿಕ್ಕಿತು, ನೀರು ಕನ್ನಡಿಯ ಹಾಗಿದ್ದಾಗ, ನೇರ ಹೋಗುವಾಗ ಮಾತ್ರ. ತಿರುಗಿಸಿದ ಕೂಡಲೇ ಪ್ರೊಪೆಲ್ಲರ್ ಗಾಳಿ ಕುಡಿದು ಎಂಜಿನ್ ಚೀರಿತು, ದೋಣಿ ನಿಂತೇ ಹೋಯಿತು. ತಂಪಿನ ನೀರು ಹೊರಗೆ ಚಿಮ್ಮುವ ತೂತಿನಲ್ಲೂ ಧಾರೆ ತುಂಡು ತುಂಡಾಗಿ ಬರುತ್ತಿತ್ತು. ಆ ಧಾರೆ ಸಣ್ಣಗಾದರೆ ಎಂಜಿನ್ ಬಿಸಿಯಾಗಿ ಜಾಮ್ ಆಗುವುದಕ್ಕೆ ಹೆಚ್ಚು ಹೊತ್ತು ಬೇಡ. ವೇಗದ ಕಡೆಗಿಂತ ಅದರ ಕಡೆ ಕಣ್ಣಿಡಿ.

ನಾಲ್ಕನೆಯದು ಜ್ಯಾಕ್ ಪ್ಲೇಟ್, ಹಲಗೆಗೂ ಎಂಜಿನ್ನಿಗೂ ನಡುವೆ ಕೂರಿಸುವ ಚೌಕಟ್ಟು. ಸಾಗರದ ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಿದ್ದು, ಎಂಜಿನ್ ಎತ್ತುವುದರ ಜೊತೆಗೆ 5 ಇಂಚು ಹಿಂದಕ್ಕೂ ತಳ್ಳುತ್ತದೆ. ದೋಣಿಯ ಹಿಂದೆ ನೀರು ಏರಿ ಬರುವುದರಿಂದ, ಒಂದು ಅಡಿ ಹಿಂದೆ ಹೋದರೆ ಎಂಜಿನ್ನನ್ನು ಒಂದು ಇಂಚು ಜಾಸ್ತಿ ಎತ್ತಬಹುದು ಅಂತ ಲೆಕ್ಕ. 5 ಇಂಚಿಗೆ ಸಿಕ್ಕುವುದು ಅರ್ಧ ಇಂಚೂ ಇಲ್ಲ. ಬೋಲ್ಟ್ ಸಡಿಲಿಸಿ ಎತ್ತರ ಬದಲಿಸುವುದು ಮರಕ್ಕಿಂತ ಎಷ್ಟೋ ಸಲೀಸು, ಒಪ್ಪುತ್ತೇನೆ. ಆದರೆ ಹ್ಯಾಂಡಲ್ ಹಿಡಿಯುವವನು ಕೂರುವುದೂ ಹಿಂದೆಯೇ, ಎಂಜಿನ್ ಇನ್ನೂ ಹಿಂದೆ. ಹಿಂಬದಿ ಕುಸಿಯಿತು. ಮರದ ತುಂಡಿನಲ್ಲಿ ಆರು ಸೆಕೆಂಡಿಗೆ ಏರುತ್ತಿದ್ದ ದೋಣಿಗೆ ಹನ್ನೊಂದು ಸೆಕೆಂಡು ಬೇಕಾಯಿತು. ಹಿಂಡಿ ಚೀಲವನ್ನು ಮೂತಿಗೆ ದೂಡಿದರೆ ಸುಧಾರಿಸಿತು, ಆದರೆ ಚೀಲ ದಿನಾ ಇರುವುದಿಲ್ಲ. ದೊಡ್ಡ ದೋಣಿಗೆ, ಸ್ಟಿಯರಿಂಗ್ ಮುಂದಿದ್ದರೆ, ಜ್ಯಾಕ್ ಪ್ಲೇಟೇ ಸರಿ ಇರಬಹುದು. ನಮಗಲ್ಲ.

ಹಾಗಾದರೆ 5 ಇಂಚಿಗೇ ನಿಲ್ಲಿಸಬೇಕಿತ್ತು ಅಲ್ವಾ? ನಾನೂ ನಿಲ್ಲಿಸಿದ್ದೆ. ಒಂದು ಮಧ್ಯಾಹ್ನ ಪಡುವಣ ಗಾಳಿ ಎದ್ದಿತು. ಈ ಬಯಲು ನೀರಿನಲ್ಲಿ ಅಲೆ ಏಳುವುದಕ್ಕೆ ಅರ್ಧ ಗಂಟೆ ಸಾಕು. ಪ್ರತಿ ಅಲೆಗೂ ಹಿಂಬದಿ ಎದ್ದು ಪ್ರೊಪೆಲ್ಲರ್ ಗಾಳಿ ಕುಡಿಯಿತು. ಹಿಡಿತ ತಪ್ಪಿದ ಕ್ಷಣ ದೋಣಿ ಗಾಳಿಗೆ ಅಡ್ಡ ತಿರುಗುತ್ತಿತ್ತು. ಗ್ಯಾಸ್ ಇಳಿಸಿ, ಏರಿಸಿ, ಹೇಗೋ ದಡ ಸೇರಿದೆವು. ಮರುದಿನವೇ ಅರ್ಧ ಇಂಚಿನ ಪಟ್ಟಿ ತೆಗೆದೆ.

ಈಗಿರುವುದು ನಾಲ್ಕೂವರೆ ಇಂಚು. ತಟ್ಟೆ ತಳಕ್ಕೆ ಸರಿಸಮ. ಗಾರೆಯವರ ಅಲ್ಯೂಮಿನಿಯಂ ಪಟ್ಟಿಯನ್ನು ತಳಕ್ಕೆ ಒತ್ತಿ ಹಿಂದಕ್ಕೆ ಚಾಚಿದರೆ ತಟ್ಟೆಗೇ ಬಂದು ಮುಟ್ಟುತ್ತದೆ. ವೇಗ 26, ಆರ್‌ಪಿಎಂ 5100. ಅದೇ ಗಾಳಿಯಲ್ಲಿ ಆಮೇಲೆ ಎಷ್ಟೋ ಸಲ ಬಂದಿದ್ದೇವೆ, ಚೀರಿಲ್ಲ.

ಬೇಸಿಗೆಯಲ್ಲಿ ಇನ್ನೊಂದು ಲಾಭ ಗೊತ್ತಾಯಿತು. ಈ ಹಿನ್ನೀರಿನ ಅಣೆಕಟ್ಟು ಲಿಂಗನಮಕ್ಕಿ ತುಂಬಿದಾಗ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಏಪ್ರಿಲ್-ಮೇ ಹೊತ್ತಿಗೆ ನೀರು ಇಳಿದು, 1964ರ ಅಣೆಕಟ್ಟಿನಲ್ಲಿ ಮುಳುಗಿದ ಕಾಡಿನ ಬೊಡ್ಡೆಗಳು ಕಾಣುತ್ತವೆ. ಕಾಣುವ ಬೊಡ್ಡೆಯ ಭಯ ಇಲ್ಲ, ಗೇಣು ಕೆಳಗಿರುವುದರದ್ದೇ ಭಯ. ಕಾಲು ನಾಲ್ಕೂವರೆ ಇಂಚು ಮೇಲೆ ಬಂದ ಮೇಲೆ ಪ್ರೊಪೆಲ್ಲರ್‌ಗೆ ಪೆಟ್ಟು ಬಿದ್ದದ್ದು ಒಂದೇ ಸಲ.

ಕ್ಲಾಂಪ್ ತಿರುಪುಗಳನ್ನು ಪ್ರತಿ ಸಲ ಹೊರಡುವ ಮುಂಚೆ ಬಿಗಿ ಮಾಡುತ್ತೇನೆ, ಎಂಜಿನ್ನಿಗೆ ಒಂದು ಸರಪಳಿಯನ್ನೂ ಕಟ್ಟಿದ್ದೇನೆ. ಜ್ಯಾಕ್ ಪ್ಲೇಟ್ ಕೊಟ್ಟಿಗೆಯ ಮಾಡಿನಲ್ಲಿದೆ. ಯಾರಿಗಾದರೂ ಬೇಕಿದ್ದರೆ ಮಾಡಿಸಿದ ಅರ್ಧ ದುಡ್ಡಿಗೆ ಕೊಡಬಹುದು ಅಂತ ಬಾವ ಆಗಾಗ ನೆನಪಿಸುತ್ತಾರೆ.