ಮ್ಯಾಟ್, ಮಣೆ, ಸ್ಟೂಲ್, ಬೆಲ್ಟ್: ನಿಂತು ಕೆಲಸ ಮಾಡುವವರ ಟೊಂಕಕ್ಕೆ ಯಾವುದು ಹಿತ?

ಹುಬ್ಬಳ್ಳಿಯ ದುರ್ಗದಬೈಲ್ ಹತ್ತಿರ ನಮ್ಮದು ಬಟ್ಟೆ ಹೊಲಿಯುವ ಅಂಗಡಿ. ಹೊಲಿಯುವವರು ಕೂತಿರುತ್ತಾರೆ, ಕಟಿಂಗ್ ಮಾಡುವ ನಾನು ರಾತ್ರಿವರೆಗೂ ನಿಂತೇ ಇರಬೇಕು. ಕಾಲಡಿ ಶಹಾಬಾದ್ ಫರಸಿ. ಚಪ್ಪಲಿ ಹೊರಗೆ ಬಿಡುವ ಅಂಗಡಿ, ಹಾಗಾಗಿ ಬರಿಗಾಲು. ಸಂಜೆಯಾದರೆ ಹಿಮ್ಮಡಿ ಉರಿಯುತ್ತಿತ್ತು, ಟೊಂಕ ಹಿಡಿದುಕೊಳ್ಳುತ್ತಿತ್ತು.

ಮೊದಲು ತಂದದ್ದು ಮ್ಯಾಟ್. ಮೆತ್ತನೆಯ ಫೋಮ್ ಹಾಸು ಸ್ವಲ್ಪ ಹೊತ್ತು ಹಿತ, ಆಮೇಲೆ ಪಾದ ಹುಗಿದು ಅದರ ಕೀಲು ನೋಯುತ್ತದೆ. ದನದ ಕೊಟ್ಟಿಗೆಗೆ ಹಾಕುವ ದಪ್ಪ ರಬ್ಬರ್ ಮ್ಯಾಟ್ ಕತ್ತರಿಸಿ ಹಾಸಿದ್ದು ಎಷ್ಟೋ ಮೇಲು. ಹಿಮ್ಮಡಿ ಉರಿ ಇಳಿಯಿತು. ಟೊಂಕ ಮಾತ್ರ ಹಾಗೇ ಇತ್ತು.

ಟೊಂಕಕ್ಕೆ ಆಗಿಬಂದದ್ದು ಮಣೆ. ನಾಲ್ಕೈದು ಇಂಚು ಎತ್ತರದ ಕಟ್ಟಿಗೆ ಮಣೆಯನ್ನು ಟೇಬಲ್ ಕೆಳಗಿಟ್ಟು ಒಂದು ಕಾಲು ಅದರ ಮೇಲಿಡುತ್ತೇನೆ. ಆಗ ಸೊಂಟ ತುಸು ಹಿಂದಕ್ಕೆ ವಾಲಿ ಬೆನ್ನಿನ ಕೆಳಭಾಗದ ಒಳಬಾಗು ಕಡಿಮೆಯಾಗುತ್ತದೆ, ಅಲ್ಲಿನ ಬಿಗಿ ಸಡಿಲುತ್ತದೆ. ಕಾಲು ಬದಲಿಸುತ್ತಲೇ ಇರಬೇಕು. ರಕ್ತವನ್ನು ಹಿಂಡಿ ಮೇಲೆ ಕಳಿಸುವುದು ಮೀನಖಂಡ. ಅಲುಗದೆ ನಿಂತರೆ ಅದು ಕೆಲಸ ಮಾಡುವುದಿಲ್ಲ, ಕಾಲು ಬಾತು ಮೈಯೆಲ್ಲ ದಣಿಯುತ್ತದೆ.

ಆದರೆ ಟೇಬಲ್ ತಗ್ಗಾಗಿದ್ದರೆ ಮಣೆಯೂ ದಂಡ, ಮ್ಯಾಟೂ ದಂಡ. ತೋಳು ಇಳಿಬಿಟ್ಟು ಮೊಣಕೈ ಮಡಚಿದಾಗ, ಮೊಣಕೈಗಿಂತ 5ರಿಂದ 10 ಸೆಂಟಿಮೀಟರ್ ಕೆಳಗೆ ಟೇಬಲ್ ಮೈ ಬರಬೇಕು. ಮ್ಯಾಟ್ ಮೇಲೆ ನಿಂತೇ ಅಳೆಯಿರಿ, ಅದರ ದಪ್ಪವೂ ಲೆಕ್ಕಕ್ಕೆ ಬರುತ್ತದೆ. ನಮ್ಮ ಟೇಬಲ್ ಕಾಲಿಗೆ ಸಾಗವಾನಿ ತುಂಡು ಕೊಟ್ಟು ಎತ್ತರಿಸಿದ ಮೇಲೆ ನಾನು ಬಗ್ಗುವುದು ತಪ್ಪಿತು. ಕಟಿಂಗ್‌ಗೆ ಇಬ್ಬರಿದ್ದರೆ ಎತ್ತರದವರ ಅಳತೆಗೆ ಟೇಬಲ್ ಇರಲಿ, ಗಿಡ್ಡವರ ಕಾಲಡಿ ಹಲಗೆ ಹಾಕಿ. ದುಡ್ಡು ಕಡಿಮೆಯಿದ್ದರೆ ಮೊದಲು ಮಾಡಬೇಕಾದ್ದು ಟೇಬಲ್ ಎತ್ತರ ಸರಿಪಡಿಸುವುದೇ.

ಎತ್ತರದ ಸ್ಟೂಲ್ ಮೇಲೆ ಕೂತು ಬಟ್ಟೆಯ ಥಾನು ಹರಡಲಾಗದು, ಕೈ ಎಟಕುವುದಿಲ್ಲ. ಆದರೆ ಅಳತೆ ಬರೆಯಲು, ಗಿರಾಕಿ ಇಲ್ಲದಾಗ ಒರಗಲು ಸ್ಟೂಲ್ ಬೇಕೇ ಬೇಕು. ನಿಂತು ದುಡಿಯುವವರಿಗೆ ಕೂರುವ ವ್ಯವಸ್ಥೆ ಇರಬೇಕೆಂದು 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 44ನೇ ಕಲಂ ಹೇಳುತ್ತಿತ್ತು. ಅಂಗಡಿ ಕೆಲಸಗಾರರಿಗೂ ಅದು ಸಿಗುವಂತೆ ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನು ತಿದ್ದಿದವು. ನಮ್ಮೂರಿನ ಸೀರೆ ಅಂಗಡಿಗಳಲ್ಲಿ ದಿನವಿಡೀ ನಿಲ್ಲುವ ಹೆಣ್ಣುಮಕ್ಕಳಿಗೂ ಒಂದೊಂದು ಸ್ಟೂಲ್ ಸಿಗಲೇಬೇಕು.

ಟೊಂಕಕ್ಕೆ ಬಿಗಿಯುವ ಬೆಲ್ಟ್ ನನಗೆ ಹಿಡಿಸಲಿಲ್ಲ. ಥಾನು ಎತ್ತುವಾಗ ಆಸರೆ ಅನಿಸಿತು, ನಿಂತಾಗ ಬರೀ ಸೆಕೆ. ನೋವು ಟೊಂಕದಿಂದ ಕಾಲಿಗೆ ಇಳಿಯುತ್ತಿದ್ದರೆ, ಜೋಮು ಹಿಡಿಯುತ್ತಿದ್ದರೆ ಬೆಲ್ಟ್ ಬಿಗಿದು ದಿನ ದೂಡಬೇಡಿ, ಎಲುಬಿನ ಡಾಕ್ಟರಿಗೆ ತೋರಿಸಿ.