ಹೆಲಿಕಾಪ್ಟರ್ ಹಾರಿಸಿದ ಕಿವಿಗೂ ಕೊಡಗಿನ ಮಳೆಗೂ ಹೊಂದುವ ಕಿವಿ ಮಷಿನ್ ಯಾವುದು?

ಊಟಕ್ಕೆ ಕೂತಾಗ ಮೊಮ್ಮಗಳು ‘ಸಾಕು ಅಜ್ಜ’ ಎನ್ನುತ್ತಾಳೆ. ಅಜ್ಜನಿಗೆ ‘ಹಾಕು ಅಜ್ಜ’ ಎಂದು ಕೇಳಿ ತಟ್ಟೆಗೆ ಇನ್ನೊಂದು ಕಡುಂಬುಟ್ಟು ಬೀಳುತ್ತದೆ. ವಾಯುಪಡೆಯಲ್ಲೋ ಸೇನೆಯಲ್ಲೋ ಹೆಲಿಕಾಪ್ಟರ್ ಹಾರಿಸಿ ನಿವೃತ್ತರಾಗಿ ಬಂದವರ ಮನೆಗಳಲ್ಲಿ ಇದು ಹೊಸದೇನಲ್ಲ. ‘ಸ’ ಅಕ್ಷರದ ಸದ್ದು ಹೆಚ್ಚಾಗಿ ಇರುವುದು 4000 ಹರ್ಟ್ಸ್‌ನಿಂದ ಮೇಲೆ. ಗದ್ದಲಕ್ಕೆ ಕಿವಿ ಮೊದಲು ಸೋಲುವುದೂ ಅಲ್ಲೇ. ಚೇತಕ್, ಚೀತಾ ಹೆಲಿಕಾಪ್ಟರುಗಳಲ್ಲಿ ಕ್ಯಾಬಿನ್ನಿನ ಬೆನ್ನಿಗೇ ತೆರೆದಿಟ್ಟ ಟರ್ಬೈನ್; ಎಂಐ-17ರಲ್ಲಿ ತಲೆಯ ಮೇಲೆ ಎರಡು ಎಂಜಿನ್, ಜೊತೆಗೆ ಗೇರ್‌ಬಾಕ್ಸ್. ವರ್ಷಗಟ್ಟಲೆ ಅದರಡಿ ಕೂತವರ ಆಡಿಯೋಗ್ರಾಂನಲ್ಲಿ (ಕಿವಿ ಪರೀಕ್ಷೆಯ ನಕ್ಷೆಯಲ್ಲಿ) 3000ದಿಂದ 6000 ಹರ್ಟ್ಸ್ ನಡುವೆ ಗೆರೆ ಗುಂಡಿಗೆ ಬಿದ್ದಂತೆ ಇಳಿದಿರುತ್ತದೆ. ಕೆಳಗಿನ ಸ್ವರಗಳು ಮಾತ್ರ ಹೆಚ್ಚುಕಡಿಮೆ ಸರಿಯಾಗಿಯೇ ಕೇಳುತ್ತವೆ. ಅದಕ್ಕೇ ‘ನನಗೆ ಕೇಳಿಸುತ್ತೆ, ನೀವೇ ಗೊಣಗುತ್ತೀರಿ’ ಎಂಬ ವಾದ ಮನೆಯಲ್ಲಿ ಮುಗಿಯುವುದಿಲ್ಲ.

ಇಂಥ ಕಿವಿಗೆ ನಮ್ಮ ಮೊದಲ ಆಯ್ಕೆ ರಿಕ್ ಮಾದರಿ. ಯಂತ್ರ ಕಿವಿಯ ಹಿಂದೆ ಕೂರುತ್ತದೆ, ಸಣ್ಣ ತಂತಿಯ ತುದಿಯಲ್ಲಿ ರಿಸೀವರ್, ಅಂದರೆ ಪುಟ್ಟ ಸ್ಪೀಕರ್, ಕಿವಿಯೊಳಗೆ ಹೋಗುತ್ತದೆ. ತುದಿಗೆ ರಂಧ್ರಗಳಿರುವ ತೆರೆದ ಡೋಮ್ (ಮೆತ್ತನೆಯ ಟೊಪ್ಪಿ) ಹಾಕಿಸಿ. ಕೆಳಸ್ವರಗಳು ತಾವಾಗಿ ಒಳಬರುತ್ತವೆ, ಬೇಕಾದ ಮೇಲ್ಸ್ವರಗಳನ್ನಷ್ಟೇ ಯಂತ್ರ ಎತ್ತಿ ಕೊಡುತ್ತದೆ. ಕಿವಿಯನ್ನು ಪೂರ್ತಿ ಮುಚ್ಚುವ ಡೋಮ್ ಹಾಕಿದರೆ ಸ್ವಂತ ದನಿಯೇ ಕೊಡದೊಳಗೆ ಮಾತಾಡಿದಂತೆ ಕೇಳಿ, ಯಂತ್ರ ವಾರದೊಳಗೆ ಮೇಜಿನ ಡ್ರಾಯರ್ ಸೇರುತ್ತದೆ. ತೆರೆದ ಡೋಮ್‌ಗೂ ಮಿತಿಯಿದೆ. ದನಿ ಬಹಳ ಏರಿಸಿದರೆ, ಇಲ್ಲವೇ ಡೋಮ್ ಸಡಿಲವಿದ್ದರೆ, ಮೊಮ್ಮಕ್ಕಳನ್ನು ಅಪ್ಪಿಕೊಂಡಾಗ ಕುಂಯ್ ಎನ್ನುತ್ತದೆ. ಆಗ ಒಂದು ಅಳತೆ ದೊಡ್ಡ ಡೋಮ್ ಕೇಳಿ, ದನಿ ತಗ್ಗಿಸಿಕೊಳ್ಳಬೇಡಿ.

ಖರ್ಚು ಉಳಿಸಲು ಒಂದೇ ಕಿವಿಗೆ ಕೊಳ್ಳುವುದನ್ನು ನಾವು ಒಪ್ಪುವುದಿಲ್ಲ. ಸದ್ದು ಯಾವ ಕಡೆಯಿಂದ ಬಂತೆಂದು ತಿಳಿಯಲು ಎರಡೂ ಕಿವಿ ಬೇಕು. ಸಂಜೆ ಕಾಫಿ ತೋಟದಲ್ಲಿ ಬಿದಿರು ಲಟ್ಟೆಂದು ಮುರಿದರೆ ಆನೆ ಎಡಕ್ಕಿದೆಯೋ ಬಲಕ್ಕಿದೆಯೋ ಗೊತ್ತಾಗಲೇಬೇಕು.

ಇನ್ನು ಮಳೆ. ಕೊಡಗಿನಲ್ಲಿ ಈ ಯಂತ್ರಗಳ ಆಯುಷ್ಯ ತೀರ್ಮಾನವಾಗುವುದೇ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಪೆಟ್ಟಿಗೆಯ ಮೇಲಿನ ಐಪಿ68 ಎಂಬುದು ಧೂಳು, ನೀರು ತಡೆಯುವ ಅಳತೆ. ರೇನ್‌ಕೋಟಿನ ಟೊಪ್ಪಿಯೊಳಗೆ ಬೆವತು ಒಳಗಟ್ಟುವ ತೇವ, ಅದರ ಜೊತೆ ಸೇರುವ ಕಿವಿಯ ಗುಗ್ಗೆ, ಇವೆರಡಕ್ಕೆ ಅದರಲ್ಲಿ ಉತ್ತರವಿಲ್ಲ. ಮೈಕ್ ತೇವಗೊಂಡರೆ ಕರಕರ ಸದ್ದು. ರಿಸೀವರ್ ಕಟ್ಟಿದರೆ ಮೌನ. ‘ಸತ್ತುಹೋಯಿತು’ ಎಂದು ಅಂಗಡಿಗೆ ಒಯ್ಯುವ ಮೊದಲು ವ್ಯಾಕ್ಸ್ ಗಾರ್ಡ್ (ರಿಸೀವರ್ ತುದಿಯಲ್ಲಿ ಗುಗ್ಗೆ ತಡೆಯುವ ಪುಟ್ಟ ಜಾಲರಿ) ಬದಲಿಸಿ ನೋಡಿ. ಅದರ ಜೊತೆ ಬರುವ ಕಡ್ಡಿಯ ಒಂದು ತುದಿ ಹಳೆಯದನ್ನು ಎಳೆದು ತೆಗೆಯುತ್ತದೆ, ಇನ್ನೊಂದು ತುದಿಯಲ್ಲಿರುವ ಹೊಸದನ್ನು ಒತ್ತಿ ಕೂರಿಸಬೇಕು. ಎಷ್ಟೋ ಸಲ ಅಷ್ಟರಲ್ಲೇ ಜೀವ ಬರುತ್ತದೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಬದಲಿಸುವುದು ಲೇಸು.

ರಾತ್ರಿ ತೆಗೆದ ಮೇಲೆ ಒಣಬಟ್ಟೆಯಲ್ಲಿ ಒರೆಸಿ. ಮೈಕಿನ ತೂತು ಕೆಳಮುಖವಾಗಿರುವಂತೆ ಹಿಡಿದು ಬ್ರಷ್ ಆಡಿಸಿ, ಇಲ್ಲದಿದ್ದರೆ ಧೂಳು ಒಳಗೇ ಇಳಿಯುತ್ತದೆ. ಆಮೇಲೆ ಸಿಲಿಕಾ ಜೆಲ್ ಇರುವ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ. ನೀಲಿ ಹರಳು ಗುಲಾಬಿಯಾದರೆ ಅದು ತೇವ ಕುಡಿದು ತುಂಬಿದೆ ಎಂದರ್ಥ. ಒವನ್‌ನಲ್ಲಿ ಸುಮಾರು 120 ಡಿಗ್ರಿಯಲ್ಲಿ ಒಂದೆರಡು ಗಂಟೆ ಇಟ್ಟರೆ ಮತ್ತೆ ನೀಲಿಗೆ ತಿರುಗುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿ ಯಂತ್ರ ಒಣಗಿಸುವ ಅಭ್ಯಾಸ ಬೇಡವೇ ಬೇಡ. ಹೊಗೆಯ ಮಸಿ ಮೈಕಿಗೆ ಕೂರುತ್ತದೆ, ಕಾವು ಬ್ಯಾಟರಿಯನ್ನು ಕೆಡಿಸುತ್ತದೆ.

ಬ್ಯಾಟರಿಯ ವಿಚಾರದಲ್ಲಿ ನಮ್ಮ ತೀರ್ಪು ನಗರದವರದ್ದಕ್ಕಿಂತ ಬೇರೆ. ಚಾರ್ಜ್ ಮಾಡುವ ಲಿಥಿಯಂ ಯಂತ್ರ ಮೂರು ನಾಲ್ಕು ಗಂಟೆ ಚಾರ್ಜಿಗೆ ಇಡೀ ದಿನ ನಡೆಯುತ್ತದೆ, ನಡುಗುವ ಬೆರಳಿಗೂ ಸುಲಭ. ಆದರೆ ಮರ ಬಿದ್ದು ಎರಡು ಮೂರು ದಿನ ಕರೆಂಟ್ ಇಲ್ಲದ ಊರಿನಲ್ಲಿ ಚಾರ್ಜರ್ ಪೆಟ್ಟಿಗೆಯಲ್ಲೇ ಪವರ್ ಬ್ಯಾಂಕ್ ಇರುವ ಮಾದರಿಯಾದರಷ್ಟೇ ಕೊಳ್ಳಿ. ಇಲ್ಲವಾದರೆ ಕಿತ್ತಳೆ ಪಟ್ಟಿಯ 13 ನಂಬರಿನ ಜಿಂಕ್-ಏರ್ ಸೆಲ್ ಹಾಕುವ ಯಂತ್ರವೇ ವಾಸಿ. ಕಂದು ಪಟ್ಟಿಯ 312ಕ್ಕಿಂತ ಇದು ಹೆಚ್ಚು ದಿನ ಬಾಳುತ್ತದೆ. ಈ ಸೆಲ್ ಗಾಳಿಯಿಂದ ನಡೆಯುವಂಥದ್ದು. ಸ್ಟಿಕರ್ ಕಿತ್ತು ಎರಡು ಮೂರು ನಿಮಿಷ ಬಿಟ್ಟು ಹಾಕಬೇಕು. ಕಿತ್ತಮೇಲೆ ಮತ್ತೆ ಅಂಟಿಸಿದರೆ ಉಳಿಯುವುದಿಲ್ಲ. ಹಸಿ ಗಾಳಿಯ ತೇವ ಕುಡಿದು ಬೇಗ ಸೋಲುತ್ತದೆ, ಹಾಗೆಂದು ಸಿಲಿಕಾ ಡಬ್ಬಿಗೆ ಹಾಕಿದರೆ ಒಣಗಿ ಸಾಯುತ್ತದೆ. ಯಂತ್ರವನ್ನು ಒಣಗಿಸುವಾಗ ಸೆಲ್ ಹೊರಗಿರಲಿ, ಸೆಲ್ ಇಡುವ ಜಾಗದ ಬಾಗಿಲು ತೆರೆದಿರಲಿ.

ಎಷ್ಟು ಚಾನೆಲ್ (ಬೇರೆಬೇರೆಯಾಗಿ ಹೊಂದಿಸಬಹುದಾದ ಸ್ವರಪಟ್ಟಿ) ಎಂದು ಅಂಗಡಿಯವರು ಎಣಿಸಿ ಹೇಳುವುದಕ್ಕಿಂತ ಹೊಂದಿಸುವ ಕೈ ಮುಖ್ಯ. ತೆಳ್ಳನೆ ನಳಿಕೆಯನ್ನು ಕಿವಿಯೊಳಗಿಟ್ಟು ಸದ್ದು ನಿಜವಾಗಿ ಎಷ್ಟು ತಲುಪುತ್ತಿದೆ ಎಂದು ಅಳೆಯುತ್ತೀರಾ ಅಂತ ಮೊದಲೇ ಕೇಳಿ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್. ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಕಿವಿ ಪರೀಕ್ಷೆಗಾಗಿ ಅಷ್ಟು ದೂರ ಹೋದರೂ ಸಾರ್ಥಕ. ಇಸಿಎಚ್‌ಎಸ್ (ನಿವೃತ್ತ ಸೈನಿಕರ ಆರೋಗ್ಯ ಯೋಜನೆ) ಸದಸ್ಯರು ಯಂತ್ರ ಕೊಂಡಮೇಲೆ ಬಿಲ್ ಹಿಡಿದು ಹೋಗದೆ, ಮೊದಲು ಪಾಲಿಕ್ಲಿನಿಕ್‌ನಿಂದ ರೆಫರಲ್ ಪಡೆದು ಇಎನ್‌ಟಿ ವೈದ್ಯರ ಬರಹ, ಆಡಿಯೋಗ್ರಾಂ ಮಾಡಿಸಿಕೊಳ್ಳಿ.

ವಿದೇಶದಲ್ಲಿರುವ ಮಕ್ಕಳ ವಿಡಿಯೋ ಕಾಲ್ ಎರಡೂ ಕಿವಿಗೆ ನೇರ ಬರುವುದರಿಂದ ಬ್ಲೂಟೂತ್‌ಗೆ ಕೊಟ್ಟ ಹಣ ವ್ಯರ್ಥವಲ್ಲ.

ಕೊಂಡ ಮೊದಲ ವಾರ ಪಾತ್ರೆಯ ಸದ್ದು, ಕಾಗದದ ಸರಸರ ಎಲ್ಲ ಚುಚ್ಚಿದಂತೆ ಇರುತ್ತದೆ. ಮಿದುಳು ಮರೆತದ್ದನ್ನು ಮತ್ತೆ ಕಲಿಯಲು ನಾಲ್ಕರಿಂದ ಆರು ವಾರ ಬೇಕು. ದನಿಯನ್ನು ಹಂತಹಂತವಾಗಿ ಏರಿಸಿಕೊಳ್ಳಿ. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್ ಪೊಳ್ದ್ ದಿನ ತೆಂಗಿನಕಾಯಿಗೆ ಗುರಿಯಿಡುವ ಮುಂಚೆ ಮಾತ್ರ ಯಂತ್ರ ತೆಗೆದು ಡಬ್ಬಿಗೆ ಹಾಕಿ ಇಯರ್ ಮಫ್ ಹಾಕಿಕೊಳ್ಳಲೇಬೇಕು. ಕೋವಿಯ ಒಂದೇ ಗುಂಡು 140 ಡೆಸಿಬಲ್ ದಾಟುತ್ತದೆ, ಉಳಿದಿರುವ ಶ್ರವಣವೂ ಅದರಿಂದ ಹೋದೀತು. ಕಳೆ ಕತ್ತರಿಸುವ ಯಂತ್ರ ಹಿಡಿದಾಗಲೂ ಮಫ್ ಇರಲಿ.