ಬಿಸಿ ಗಣಿಯ ಗ್ರೌಟ್: ಪರ್ಲೈಟೋ, ಸೆನೋಸ್ಫಿಯರೋ?

ಕೋಲಾರ ಚಿನ್ನದ ಗಣಿಯ ಚಾಂಪಿಯನ್ ರೀಫ್ 3 ಕಿಲೋಮೀಟರಿಗಿಂತಲೂ ಆಳಕ್ಕೆ ಇಳಿದಿತ್ತು. ಅಲ್ಲಿ ಬಂಡೆಯ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಇಂಥ ಸುರಂಗದ ಸುತ್ತಲಿನ ಬಿರುಕುಗಳಿಗೆ ಶಾಖನಿರೋಧಕ ಗ್ರೌಟ್ (ಪಂಪ್ ಮಾಡಿ ಬಿರುಕಿಗೆ ಸೇರಿಸುವ ತೆಳುವಾದ ಸಿಮೆಂಟ್ ಮಿಶ್ರಣ) ತುಂಬಿದರೆ ಒಳಗಾಳಿಗೆ ಸೇರುವ ಶಾಖ ತಗ್ಗುತ್ತದೆ. ಆದರೆ ಅದೇ ಗ್ರೌಟ್ ಬಂಡೆಯ ಒತ್ತಡವನ್ನೂ ವರ್ಷಗಟ್ಟಲೆ ಹೊರಬೇಕಾಗುತ್ತದೆ. ಆದ್ದರಿಂದ ಪ್ರಯೋಗಾಲಯದಲ್ಲಿ ಎರಡು ಮಿಶ್ರಣಗಳನ್ನು 60 ಡಿಗ್ರಿ ಬಿಸಿಯಲ್ಲಿ, ಸಮಾನ ಹೊರೆಯಡಿ ತಿಂಗಳುಗಟ್ಟಲೆ ಇರಿಸಿ ಹೋಲಿಸಿದೆ. ಒಂದರಲ್ಲಿ ಸಿಮೆಂಟಿನ ಜೊತೆ ಉಬ್ಬಿಸಿದ ಪರ್ಲೈಟ್, ಅಂದರೆ ಕಾಯಿಸಿ ಅರಳಿಸಿದ ಜ್ವಾಲಾಮುಖಿ ಗಾಜಿನ ಹಗುರ ಕಾಳು, ಇತ್ತು. ಇನ್ನೊಂದರಲ್ಲಿ ಸಿಮೆಂಟಿನ ಒಂದು ಪಾಲಿಗೆ ಬದಲಾಗಿ ಹಾರುಬೂದಿಯನ್ನೂ (ಕಲ್ಲಿದ್ದಲು ಉರಿದಾಗ ಹೊಗೆಯೊಡನೆ ಹಾರುವ ನುಣುಪಾದ ಬೂದಿ), ಹಾರುಬೂದಿಯಿಂದಲೇ ಬೇರ್ಪಡಿಸಿದ ಟೊಳ್ಳು ಗುಂಡುಗಳಾದ ಸೆನೋಸ್ಫಿಯರ್‌ಗಳನ್ನೂ ಹಾಕಿದ್ದೆ. ಒಣಗಿ ಕುಗ್ಗುವುದನ್ನು ಲೆಕ್ಕದಿಂದ ಕಳೆಯಲು ಪ್ರತಿ ಮಿಶ್ರಣದ ಪಕ್ಕದಲ್ಲೂ ಹೊರೆಯಿಲ್ಲದ ಜೊತೆ ಮಾದರಿಯೊಂದು ಇತ್ತು.

ಶಾಖ ತಡೆಯುವುದರಲ್ಲಿ ಆರಂಭದಲ್ಲಿ ಪರ್ಲೈಟೇ ಮೇಲು. ಹೊರೆ ಬಿದ್ದ ಮೇಲೆ ಚಿತ್ರ ಬದಲಾಯಿತು. ಎರಡರಲ್ಲೂ ಮೊದಲ ದಿನಗಳಲ್ಲಿ ಬೇಗ ಏರಿದ ವಿರೂಪ ಕ್ರಮೇಣ ನಿಧಾನವಾಯಿತು. ಆದರೆ ಸೆನೋಸ್ಫಿಯರ್ ಮಿಶ್ರಣದ ರೇಖೆ ಬಹುತೇಕ ಮಟ್ಟವಾದ ಬಳಿಕವೂ ಪರ್ಲೈಟ್ ಮಾದರಿಯ ಡಯಲ್ ಗೇಜಿನ ಮುಳ್ಳು ಸರಿಯುತ್ತಲೇ ಇತ್ತು. ಹೊರೆ ಇಳಿಸಿ ಮಾದರಿಯನ್ನು ಸೀಳಿ ನೋಡಿದಾಗ ಕಾರಣ ಕಣ್ಣಿಗೇ ಕಂಡಿತು: ಅಲ್ಲಲ್ಲಿ ಪರ್ಲೈಟ್ ಕಾಳುಗಳು ನಜ್ಜುಗುಜ್ಜಾಗಿ, ಬೆರಳಿಗೆ ಬಿಳಿ ಪುಡಿ ಅಂಟುತ್ತಿತ್ತು. ಸೀಳಿದ ಮುಖದ ಮೇಲೆ ಬಿಟ್ಟ ನೀರಿನ ಹನಿ ನೋಡನೋಡುತ್ತಲೇ ಇಂಗಿಹೋಯಿತು. ನಿಂತ ಗಾಳಿಯ ಉಷ್ಣವಾಹಕತೆ ಸುಮಾರು 0.026, ನೀರಿನದು ಸುಮಾರು 0.6 ವ್ಯಾಟ್ ಪ್ರತಿ ಮೀಟರ್ ಕೆಲ್ವಿನ್. ರಂಧ್ರದೊಳಗಿನ ಗಾಳಿಯ ಜಾಗವನ್ನು ನೀರು ಹಿಡಿದರೆ ನಿರೋಧಕ ಗುಣಕ್ಕೂ ಪೆಟ್ಟು ಬೀಳುತ್ತದೆ, ಸಿಮೆಂಟಿನ ಬಂಧಕವಾದ ಜೆಲ್‌ನ ಜಾರುವಿಕೆಗೂ (ಹೊರೆಯಡಿ ನಿಧಾನವಾಗಿ ವಿರೂಪಗೊಳ್ಳುತ್ತ ಹೋಗುವುದಕ್ಕೂ) ಇಂಬು ಸಿಗುತ್ತದೆ.

ಸೆನೋಸ್ಫಿಯರ್‌ಗಳ ಗೋಡೆ ಗಾಜಿನಂತಹದ್ದು, ಮುಚ್ಚಿದ್ದು. ಆದ್ದರಿಂದ ನೀರು ಸುಲಭವಾಗಿ ಒಳಹೊಗದು. ಮೇಲಾಗಿ ಬಿಸಿಯಲ್ಲಿ ಹಾರುಬೂದಿಯ ರಾಸಾಯನಿಕ ಕ್ರಿಯೆ ಚುರುಕಾಗಿ, ಸಿಮೆಂಟಿನ ಸುಣ್ಣವನ್ನು ಬಳಸಿಕೊಂಡು ಹೊಸ ಬಂಧಕವನ್ನು ಕಟ್ಟುತ್ತದೆ. ಜಾರುವಿಕೆಯನ್ನು ಹೆಚ್ಚಿಸುವ ಅದೇ ಶಾಖ ಇಲ್ಲಿ ಮಿಶ್ರಣವನ್ನು ಗಟ್ಟಿಗೊಳಿಸಲೂ ನೆರವಾಗುವುದು ನನಗೆ ಬಹಳ ಮುಖ್ಯವೆನಿಸಿತು.

ಆದರೂ ಇದಕ್ಕೊಂದು ದೋಷವಿದೆ. ಹಗುರವಾದ ಗುಂಡುಗಳು ತೆಳುವಾದ ಗ್ರೌಟಿನಲ್ಲಿ ಮೇಲಕ್ಕೆ ತೇಲಿ ಪದರಗಟ್ಟುತ್ತವೆ. ಸ್ನಿಗ್ಧತೆ ಹೆಚ್ಚಿಸುವ ಪದಾರ್ಥ ಬೆರೆಸದೆ ಪಂಪ್ ಮಾಡಬಾರದು. ಒತ್ತಡ ಕಡಿಮೆಯಿರುವ ಒಣ ಭಾಗಗಳಿಗೆ ಪರ್ಲೈಟ್ ಸಾಕು. ಆಳದ, ಒಸರುವ ಬಂಡೆಗೆ ಮಾತ್ರ ಆರಂಭದ ನಿರೋಧಕತೆ ತುಸು ಕಡಿಮೆಯಿದ್ದರೂ ನಾನು ಸೆನೋಸ್ಫಿಯರ್ ಗ್ರೌಟನ್ನೇ ಆರಿಸುತ್ತೇನೆ.